ಐಪ್ಟೇಸಿಯಾ ಕೊಂದಷ್ಟೂ ಹೆಚ್ಚುತ್ತಿದೆಯೇ? ರೀಫ್ ಟ್ಯಾಂಕಿನ ಕಳೆಗೆ ದೋಷ ನಿವಾರಣೆ ಕೈಪಿಡಿ

ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ನಾಲ್ಕು ಅಡಿಯ ರೀಫ್ ಟ್ಯಾಂಕ್ ಇದೆ, ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್. ಐಪ್ಟೇಸಿಯಾ ಅಂದರೆ ಇಂಥ ಟ್ಯಾಂಕಿನಲ್ಲಿ ಕಳೆಯಂತೆ ಹಬ್ಬುವ, ಹೂವಿನಂತೆ ಕಾಣುವ ಸಣ್ಣ ಸಮುದ್ರ ಪ್ರಾಣಿ, ಒಂದು ಬಗೆಯ ಅನಿಮೋನ್. ನಮ್ಮ ಟ್ಯಾಂಕಿನಲ್ಲಿ ಮೊದಲ ಐಪ್ಟೇಸಿಯಾ ಕಂಡ ದಿನ ಖುಷಿಯಿಂದ ಫೋಟೋ ತೆಗೆದು ಚಿತ್ರದುರ್ಗದ ಗೆಳೆಯನಿಗೆ ಕಳಿಸಿದ್ದೆ. "ನೋಡೋ, ಕಲ್ಲಿನ ಮೇಲೆ ತಾನಾಗೇ ಹೂವು ಬಿಟ್ಟಿದೆ" ಅಂತ. ಐದು ನಿಮಿಷಕ್ಕೆ ಉತ್ತರ ಬಂತು: "ಹೂವಲ್ಲಪ್ಪ, ಜೇಕು ಅದು. ಕೈ ಹಾಕಬೇಡ, ಮೊದಲು ಫೋನ್ ಮಾಡು."

ನಾನು ಫೋನ್ ಮಾಡಲಿಲ್ಲ. ಬ್ಲೇಡ್ ತಗೊಂಡು ಕೆರೆದು ಹಾಕಿದೆ. ಮೂರು ಇದ್ದವು, ಮೂರೂ ಹೋದವು. ಒಂದೂವರೆ ತಿಂಗಳ ಮೇಲೆ ಅದೇ ಕಲ್ಲನ್ನು ನೋಡಿದರೆ ಇಪ್ಪತ್ತಾರು.

ಹೊಲ ಇರುವವರಿಗೆ ಜೇಕಿನ ಕಥೆ ಹೇಳಬೇಕಾಗಿಲ್ಲ. ಮೇಲಿನ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಮಣ್ಣಲ್ಲೇ ಕೂತಿರುತ್ತದೆ. ಐಪ್ಟೇಸಿಯಾಕ್ಕೆ ಗಡ್ಡೆ ಇಲ್ಲ, ಪಾದ ಇದೆ. ಕಲ್ಲಿಗೆ ಅಂಟಿದ ಆ ಪಾದದ ಒಂದು ಸಣ್ಣ ಚೂರು ಉಳಿದರೂ ಸಾಕು, ಅದೇ ಬೆಳೆದು ಇನ್ನೊಂದು ಪೂರ್ತಿ ಪ್ರಾಣಿಯಾಗುತ್ತದೆ. ಇದಕ್ಕೆ ನಮ್ಮ ಬ್ಲೇಡೇ ಬೇಕು ಅಂತಿಲ್ಲ. ಕಲ್ಲಿನ ಮೇಲೆ ನಿಧಾನವಾಗಿ ಸರಿಯುವಾಗ ಅದು ತಾನೇ ಚೂರು ಬಿಟ್ಟುಕೊಂಡು ಹೋಗುತ್ತದೆ. ತಮಾಷೆ ಅಂದರೆ, ಹವಳಕ್ಕೂ ಅದರೊಳಗಿನ ಪಾಚಿಗೂ ಇರುವ ನಂಟನ್ನು ಓದುವ ಪ್ರಯೋಗಾಲಯಗಳು ಇದೇ ಪ್ರಾಣಿಯನ್ನು ಬೇಕಂತಲೇ ಸಾಕುತ್ತವೆ. 2015ರಲ್ಲಿ ಅದರ ಜೀನೋಮ್ ಕೂಡ ಪ್ರಕಟವಾಗಿದೆ. ಒಂದೇ ಒಂದು ಪ್ರಾಣಿಯಿಂದ ಬೆಳೆಸಿಕೊಂಡು ಬಂದ ತಳಿ ಅವರ ಹತ್ತಿರ ಇದೆ. ಅವರಿಗೆ ಅನುಕೂಲವಾದ ಗುಣವೇ ನಮಗೆ ತಲೆನೋವು.

ಹಾಗಾಗಿ ಟ್ಯಾಂಕಿನ ಮುಂದೆ ನಿಂತು "ಯಾವ ಔಷಧಿ ಹಾಕಲಿ" ಅಂತ ಕೇಳುವ ಮೊದಲು ಮೂರು ವಿಷಯ ಗೊತ್ತಾಗಬೇಕು. ಅದು ಯಾವ ಪ್ರಾಣಿ, ಎಷ್ಟಿವೆ, ಎಲ್ಲೆಲ್ಲಿ ಕೂತಿವೆ. ನಾನು ಕಳೆದುಕೊಂಡ ಎಂಟು ತಿಂಗಳು ಈ ಮೂರಕ್ಕೆ ಉತ್ತರ ಇಲ್ಲದೆ ಹೋಗಿದ್ದು.

ನಿಜವಾಗಿ ಅದು ಐಪ್ಟೇಸಿಯಾವೇ?

ಐಪ್ಟೇಸಿಯಾ ಕಂದು ಬಣ್ಣದ ಗಾಜಿನ ಹಾಗಿರುತ್ತದೆ. ಉದ್ದನೆಯ ಕಾಂಡ, ಮೇಲೆ ತೆಳುವಾದ, ತುದಿಗೆ ಚೂಪಾಗುತ್ತಾ ಹೋಗುವ ಎಳೆಗಳು. ಸಾಮಾನ್ಯವಾಗಿ ಕಲ್ಲಿನ ತೂತು ಅಥವಾ ಸಂದಿಯಲ್ಲಿ ಕೂರುತ್ತದೆ. ಒಂದು ಕಡ್ಡಿಯಿಂದ ಮುಟ್ಟಿ ನೋಡಿ. ಐಪ್ಟೇಸಿಯಾ ಆಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೂತಿನೊಳಗೆ ಸೇರಿಕೊಳ್ಳುತ್ತದೆ.

ಮಜಾನೋ ಅನ್ನುವ ಇನ್ನೊಂದು ಕಳೆ ಅನಿಮೋನ್ ಬೇರೆ. ಅದು ಕುಳ್ಳಗೆ, ಅಗಲವಾಗಿ, ಗಿಡ್ಡ ದಪ್ಪ ಎಳೆಗಳಿಂದ ಕೂಡಿರುತ್ತದೆ. ಎಳೆಯ ತುದಿ ಉಬ್ಬಿರುತ್ತದೆ, ಕೆಲವಕ್ಕೆ ಗುಲಾಬಿ ಬಣ್ಣ. ನೀಲಿ ಲೈಟಿನಲ್ಲಿ ಹಸಿರಾಗಿ ಹೊಳೆಯುವುದೂ ಉಂಟು. ಮುಟ್ಟಿದರೆ ಮುದುಡಿಕೊಳ್ಳುತ್ತದೆ, ಆದರೆ ಐಪ್ಟೇಸಿಯಾದ ಚುರುಕು ಇಲ್ಲ. ನೋಡಲು ಚೆಂದ ಇರುವುದರಿಂದ ಇದನ್ನು "ಬಬಲ್ ಟಿಪ್ ಮರಿ" (ಬಬಲ್ ಟಿಪ್ ಅಂದರೆ ಅಂಗಡಿಯಿಂದ ತಂದು ಸಾಕುವ ಅನಿಮೋನ್) ಅಂತ ನಂಬಿ ಸಾಕಿದವರು ನನಗೇ ಇಬ್ಬರು ಗೊತ್ತು. ಟ್ಯಾಂಕಿನಲ್ಲಿ ನೀವು ದುಡ್ಡು ಕೊಟ್ಟು ತಂದ ಬಬಲ್ ಟಿಪ್ ಇದ್ದರೆ ತಿರುವು ಮುರುವು ತಪ್ಪೂ ಆಗಬಹುದು. ಅದು ಎರಡಾಗಿ ಸೀಳಿ ಹೊಸದಾದಾಗ ಕಳೆ ಅಂತ ಕೊಂದುಬಿಡುತ್ತೀರಿ.

ಇನ್ನೊಂದು ಅಮಾಯಕ ಇದೆ, ಫೆದರ್ ಡಸ್ಟರ್ ಹುಳ. ಇದೂ ಮುಟ್ಟಿದ ತಕ್ಷಣ ಒಳಗೆ ಹೋಗುತ್ತದೆ. ಆದರೆ ಹೋದ ಮೇಲೆ ಕೊಳವೆ ಹೊರಗೇ ಕಾಣುತ್ತದೆ, ಮತ್ತು ಅದರ ಎಳೆಗಳು ನವಿಲುಗರಿಯ ಹಾಗೆ ಕವಲೊಡೆದಿರುತ್ತವೆ. ಐಪ್ಟೇಸಿಯಾದ ಎಳೆ ನುಣುಪು. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿದರೆ ಅನುಮಾನ ಉಳಿಯುವುದಿಲ್ಲ.

ರಾತ್ರಿ ಟಾರ್ಚ್ ಹಿಡಿದು ಎಣಿಸಿ

ಲೈಟ್ ಆರಿ ಎರಡು ಗಂಟೆ ಆದ ಮೇಲೆ ಟಾರ್ಚ್ ತಗೊಂಡು ಕೂತುಕೊಳ್ಳಿ. ಕಲ್ಲಿನ ಹಿಂಭಾಗ, ಮರಳು ಮತ್ತು ಕಲ್ಲು ಸೇರುವ ಜಾಗ, ವೇವ್‌ಮೇಕರ್‌ನ (ನೀರಿನಲ್ಲಿ ಅಲೆ ಎಬ್ಬಿಸುವ ಪಂಪ್) ಮೈ, ಹೀಟರ್ ಬುಡ, ನೀರು ಸಂಪಿಗೆ ಇಳಿಯುವ ಓವರ್‌ಫ್ಲೋ ಬಾಕ್ಸಿನ ಒಳಗೋಡೆ, ಎಲ್ಲಾ ನೋಡಿ. ಆಮೇಲೆ ಸಂಪ್. ನಮ್ಮ ಕಡೆ ಸಂಪ್ ಅಂದರೆ ಮನೆ ಮುಂದಿನ ನೀರಿನ ಸಂಪೇ ನೆನಪಿಗೆ ಬರುತ್ತದೆ. ನಾನು ಹೇಳುತ್ತಿರುವುದು ಟ್ಯಾಂಕ್ ಕೆಳಗಿನ ಫಿಲ್ಟರ್ ಸಂಪ್.

ನನ್ನ ಟ್ಯಾಂಕಿನ ರೋಗದ ಮೂಲ ಸಿಕ್ಕಿದ್ದು ಅಲ್ಲೇ. ಮೇಲೆ ಕಲ್ಲೆಲ್ಲ ಶುದ್ಧ ಮಾಡಿ ಕೂತಿದ್ದೆ. ಸಂಪಿನ ಕತ್ತಲೆ ಮೂಲೆಯಲ್ಲಿ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ನ ಪೈಪಿನ ಹಿಂದೆ, ಬಿಳಿ ದಾರದಂಥ ಏನೋ ಅಲುಗಾಡುತ್ತಿತ್ತು. ಐಪ್ಟೇಸಿಯಾವೇ. ಮೈಯೊಳಗಿನ ಕಂದು ಪಾಚಿ ಕಳೆದುಕೊಂಡು ಪೂರ್ತಿ ಬಿಳಿಚಿಕೊಂಡಿತ್ತು, ಆದರೆ ಆರಾಮಾಗಿತ್ತು. ಬೆಳಕು ಇಲ್ಲದಿದ್ದರೂ ಮೇಲಿಂದ ಬಿದ್ದ ಮೀನಿನ ಊಟದ ಚೂರು ತಿಂದು ಅದು ಬದುಕುತ್ತದೆ. ಅಲ್ಲಿಂದ ಬಿಟ್ಟ ಚೂರು, ಮರಿ ಎಲ್ಲ ಸಂಪಿನ ನೀರನ್ನು ಟ್ಯಾಂಕಿಗೆ ಏರಿಸುವ ರಿಟರ್ನ್ ಪಂಪ್ ಹತ್ತಿ ಮೇಲೆ ಬರುತ್ತಿತ್ತು. "ಟ್ಯಾಂಕಿಗೆ ನಾಲ್ಕು ದಿನ ಬಟ್ಟೆ ಮುಚ್ಚಿ ಕತ್ತಲು ಮಾಡು, ಸತ್ತುಹೋಗುತ್ತೆ" ಅನ್ನುವ ಸಲಹೆ ಯಾಕೆ ಕೆಲಸಕ್ಕೆ ಬರಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ನಾಲ್ಕು ದಿನದ ಕತ್ತಲಿಗೆ ಹವಳ ಬೇಕಾದರೆ ಬಳಲೀತು, ಇದು ಜಗ್ಗಲ್ಲ.

ಎಣಿಕೆ ಮುಗಿದ ಮೇಲೆ ನನ್ನ ಲೆಕ್ಕ ಸರಳ. ಹತ್ತರೊಳಗೆ ಇದ್ದು ಎಲ್ಲಕ್ಕೂ ಕೈ ಎಟುಕಿದರೆ ಸಿರಿಂಜಿನಿಂದ ಸುಣ್ಣ (ಹೇಗೆ ಅಂತ ಮುಂದೆ ಹೇಳುತ್ತೇನೆ). ಹತ್ತು ದಾಟಿ ಸಂದಿಗೊಂದಿಯಲ್ಲಿ ಸೇರಿದ್ದರೆ ಅದನ್ನು ತಿನ್ನುವ ಪ್ರಾಣಿ. ಇಪ್ಪತ್ತಾರು ಐಪ್ಟೇಸಿಯಾವನ್ನು ಸಿರಿಂಜ್ ಹಿಡಿದು ಗೆಲ್ಲುತ್ತೇನೆ ಅನ್ನುವುದು ಹಟ ಅಷ್ಟೇ. ಆ ಹಟ ನಾನೂ ಮಾಡಿದ್ದೇನೆ.

ಸುಣ್ಣ ಹಾಕಿದರೂ ಸಾಯುತ್ತಿಲ್ಲ ಅಂದರೆ

ರೀಫ್ ಹವ್ಯಾಸಿಗಳು ಕಾಲ್ಕ್‌ವಾಸರ್ ಅನ್ನುವುದು ಬೇರೆ ಏನೂ ಅಲ್ಲ, ಸುಣ್ಣದ ನೀರು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇದನ್ನು ಗಟ್ಟಿಯಾಗಿ ಕಲೆಸಿ ಐಪ್ಟೇಸಿಯಾದ ಬಾಯಿಗೆ ಹಾಕುವುದೇ ಚಿಕಿತ್ಸೆ. ಇದನ್ನು ಕೇಳಿ ನಮ್ಮವ್ವ, "ಎಲೆಗೆ ಹಚ್ಚೋ ಸುಣ್ಣ ಮೀನಿಗೆ ಹಾಕ್ತೀಯೇನೋ?" ಅಂತ ತನ್ನ ಎಲೆ ಅಡಿಕೆ ಡಬ್ಬಿಯನ್ನು ಬಚ್ಚಿಟ್ಟುಕೊಂಡಳು. ಅವ್ವನ ಡಬ್ಬಿಗೆ ಕೈ ಹಾಕಬೇಡಿ, ಗೋಡೆಗೆ ಬಳಿಯುವ ಸುಣ್ಣವೂ ಬೇಡ. ಅವುಗಳಲ್ಲಿ ಬೇರೆ ಏನೇನು ಸೇರಿರುತ್ತದೋ. ಅಕ್ವೇರಿಯಂ ಅಂಗಡಿಯದ್ದು ಅಥವಾ ಲ್ಯಾಬ್ ಗ್ರೇಡ್ ಪುಡಿ ತಗೊಳ್ಳಿ. ನೀರಿನಲ್ಲಿ ಕರಗುವಷ್ಟು ಕರಗಿದಾಗ ಇದರ ಪಿಹೆಚ್ ಸುಮಾರು 12.4. ಕಣ್ಣಿಗೆ ಬಿದ್ದರೆ ಕೆಟ್ಟದಾಗುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕಲೆಸಿ.

ಹದ ಹೇಗಿರಬೇಕು? ದೋಸೆ ಹಿಟ್ಟಿಗಿಂತ ಗಟ್ಟಿ, ಟೂತ್‌ಪೇಸ್ಟಿಗಿಂತ ತುಸು ತೆಳು. ಆರ್‌ಒ ನೀರಿನಲ್ಲಿ ಕಲೆಸಿ. ಮೆಡಿಕಲ್ ಶಾಪಿನಲ್ಲಿ 3 ಎಂಎಲ್ ಸಿರಿಂಜ್ ಸಿಗುತ್ತದೆ. ದಪ್ಪ ಸೂಜಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸೂಜಿ ತೆಗೆದು ಏರ್‌ಲೈನ್ ಪೈಪಿನ ತುಂಡು ಸಿಕ್ಕಿಸಿ.

ಸುಣ್ಣ ಹಾಕಿದರೂ ಸಾಯಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಸೂಜಿಯನ್ನು ನೇರ ಚುಚ್ಚಲು ಹೋಗುತ್ತಾರೆ. ಐಪ್ಟೇಸಿಯಾ ಒಳಗೆ ಸೇರುತ್ತದೆ, ಸುಣ್ಣ ತೂತಿನ ಬಾಯಿಗೆ ಮೆತ್ತಿಕೊಳ್ಳುತ್ತದೆ, ಒಳಗಿನದು ಎರಡು ದಿನ ಬಿಟ್ಟು ಪಕ್ಕದ ತೂತಿನಿಂದ ತಲೆ ಹಾಕುತ್ತದೆ. ಅದಕ್ಕೆ ಮೊದಲು ಊಟ ಕೊಡಬೇಕು. ಚೂರು ಮೈಸಿಸ್ (ಮೀನಿಗೆ ಹಾಕುವ, ಸೀಗಡಿಯಂಥ ಪುಟ್ಟ ಜೀವಿ) ಅಥವಾ ಸೀಗಡಿಯ ಎಳೆಯೊಂದನ್ನು ಅದರ ಮೇಲೆ ಬಿಡಿ. ಅದು ಎಳೆಗಳನ್ನೆಲ್ಲ ಬಿಚ್ಚಿ, ಬಾಯಿ ತೆರೆದು, ತಿನ್ನುವುದರಲ್ಲಿ ಮುಳುಗುತ್ತದೆ. ಆಗ ಸಿರಿಂಜಿನ ತುದಿಯನ್ನು ಒಂದು ಸೆಂಟಿಮೀಟರ್ ಮೇಲೆ ಹಿಡಿದು ನಿಧಾನವಾಗಿ ಬಾಯಿಗೆ ಬಿಡಿ. ತುತ್ತಿನ ಜತೆ ಸುಣ್ಣವನ್ನೂ ನುಂಗುತ್ತದೆ. ಮುದುಡಿಕೊಂಡ ಮೇಲೆ ಇನ್ನೊಂದು ಹನಿ ಮೇಲೆ ಮುಚ್ಚಿ. ಹದಿನೈದು ನಿಮಿಷ ಬಿಟ್ಟು ಉಳಿದ ಸುಣ್ಣವನ್ನು ಸಣ್ಣ ಪೈಪಿನಿಂದ ಎಳೆದು ಹೊರಗೆ ಹಾಕಿ.

ಇಷ್ಟು ಹೊತ್ತೂ ಪಂಪು, ವೇವ್‌ಮೇಕರ್ ನಿಂತಿರಬೇಕು. ನಿಂತಿರಬೇಕು ಅಂದರೆ ಪ್ಲಗ್ ಕಿತ್ತಿರಬೇಕು. ನಾನು ವೇವ್‌ಮೇಕರನ್ನು ಊಟದ ಹೊತ್ತಿಗೆ ನಿಲ್ಲಿಸುವ ಫೀಡ್ ಬಟನ್ ಒತ್ತಿ, ಅದು ಸುಮ್ನೆ ನಿಂತಿದೆ ಅಂತ ನಂಬಿಕೊಂಡು ಎಂಟಕ್ಕೆ ಸುಣ್ಣ ಹಾಕಿದ್ದೆ. ಏಪ್ರಿಲ್ ಮಧ್ಯಾಹ್ನ. ಕರೆಂಟ್ ಹೋಗಿ ಅರೆಕ್ಷಣದಲ್ಲಿ ವಾಪಸ್ ಬಂತು. ಕರೆಂಟ್ ಬಂದ ಕೂಡಲೇ ವೇವ್‌ಮೇಕರಿಗೆ ತಾನು ನಿಂತಿರಬೇಕಿತ್ತು ಅನ್ನುವುದೇ ಮರೆತುಹೋಯಿತು. ಪೂರ್ತಿ ಜೋರಿನಲ್ಲಿ ಶುರುವಾಯಿತು. ಟ್ಯಾಂಕೆಲ್ಲ ಹಿಮ ಸುರಿದ ಹಾಗೆ ಬಿಳಿ. ಹ್ಯಾಮರ್ ಹವಳ ಎರಡು ದಿನ ಬಿಚ್ಚಲಿಲ್ಲ. ಪಿಹೆಚ್ 8.2 ಇದ್ದದ್ದು 8.7 ತೋರಿಸಿತು. ಅಂದೇ ಕಾಲು ಭಾಗ ನೀರು ಬದಲಿಸಿ, ಸಂಜೆಯವರೆಗೂ ಮೀನುಗಳ ಮುಖ ನೋಡುತ್ತಾ ಕೂತಿದ್ದೆ.

ನಮ್ಮದು ಸುಮಾರು 250 ಲೀಟರ್. ಈಗ ಒಂದು ಸಲಕ್ಕೆ ಐದಾರರ ಮೇಲೆ ಕೈ ಹಾಕುವುದಿಲ್ಲ, ಒಟ್ಟು 3 ಎಂಎಲ್ ದಾಟುವುದಿಲ್ಲ. ನಡುವೆ ಎರಡು ಮೂರು ದಿನ ಬಿಡುತ್ತೇನೆ. ನಿಮ್ಮದು ಎರಡು ಅಡಿಯ ಟ್ಯಾಂಕಾದರೆ ಎರಡಕ್ಕೇ ನಿಲ್ಲಿಸಿ.

ನಿಂಬೆರಸ, ವಿನೆಗರ್ ಚುಚ್ಚುವುದೂ ಇದೆ. ಸೂಜಿ ಸರಿಯಾಗಿ ಮೈಯೊಳಗೆ ಇಳಿದರೆ ಸಾಯುತ್ತದೆ. ಇಳಿಸುವುದೇ ಕಷ್ಟ. ಸೂಪರ್‌ಗ್ಲೂ ಜೆಲ್ ಮೆತ್ತಿ ಸಮಾಧಿ ಮಾಡುವವರೂ ಇದ್ದಾರೆ. ಸಣ್ಣವಕ್ಕೆ ಸರಿ, ದೊಡ್ಡವು ಅಂಟಿನ ಅಂಚಿನಿಂದ ಜಾರಿಕೊಂಡು ಬರುತ್ತವೆ. ತಾಮ್ರದ ಔಷಧಿ ಮಾತ್ರ ರೀಫ್ ಟ್ಯಾಂಕಿನ ಹತ್ತಿರವೂ ತರಬೇಡಿ. ಶ್ರಿಂಪ್, ಬಸವನಹುಳು, ಹವಳ ಎಲ್ಲಾ ಹೋಗುತ್ತವೆ.

ಒಂದು ಎಚ್ಚರಿಕೆ, ದಯವಿಟ್ಟು ಹಾರಿಸಬೇಡಿ

ಕಲ್ಲನ್ನು ಹೊರಗೆ ತೆಗೆದು ಕುದಿಯುವ ನೀರು ಸುರಿಯಿರಿ, ಇಲ್ಲವೇ ಪಾತ್ರೆಯಲ್ಲಿ ಕುದಿಸಿ ಅಂತ ಹೇಳುವವರಿದ್ದಾರೆ. ಮಾಡಲೇಬೇಡಿ. ಕಲ್ಲಿನ ಮೇಲೆ ಜೋಆಂತಿಡ್ ಅಥವಾ ಪಾಲಿಥೋವಾ ಅನ್ನುವ ಮೆತ್ತನೆಯ ಹವಳದಂಥ ಪ್ರಾಣಿಗಳು ಇದ್ದರೆ ಅದರಲ್ಲಿ ಪಾಲಿಟಾಕ್ಸಿನ್ ಅನ್ನುವ ಉಗ್ರ ವಿಷ ಇರಬಹುದು. ಬಿಸಿಗೆ ಅದು ಹಬೆಯ ಜತೆ ಮನೆಯ ಗಾಳಿಗೆ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಒಂದು ಮನೆಯಲ್ಲಿ ಅಕ್ವೇರಿಯಂ ಶುಚಿ ಮಾಡುವಾಗ ಹವಳದಿಂದ ಈ ವಿಷ ಹರಡಿ ಇಡೀ ಕುಟುಂಬ ಆಸ್ಪತ್ರೆ ಸೇರಿತ್ತು. ಕಲ್ಲು ಬ್ರಷ್‌ನಿಂದ ಉಜ್ಜುವಾಗಲೂ ಗ್ಲೌಸ್, ಕನ್ನಡಕ ಬೇಕು.

ಪೆಪರ್‌ಮಿಂಟ್ ಶ್ರಿಂಪ್ ಬಿಟ್ಟೆ, ಮುಟ್ಟುತ್ತಲೇ ಇಲ್ಲ

ಪೆಪರ್‌ಮಿಂಟ್ ಶ್ರಿಂಪ್ ಅಂದರೆ ಐಪ್ಟೇಸಿಯಾ ತಿನ್ನುವ ಸಣ್ಣ ಸೀಗಡಿ. ಮೊದಲು ಅದು ಪೆಪರ್‌ಮಿಂಟೇ ಹೌದಾ ನೋಡಿ. ನನಗೆ ಅಂಗಡಿಯವರು ಮೊದಲ ಸಲ ಕೊಟ್ಟಿದ್ದು ಕ್ಯಾಮೆಲ್ ಶ್ರಿಂಪ್. ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಬಂದ ಕವರ್ ಬಿಚ್ಚಿದಾಗ ನನಗೂ ವ್ಯತ್ಯಾಸ ತಿಳಿಯಲಿಲ್ಲ. ಕ್ಯಾಮೆಲ್ ಶ್ರಿಂಪಿಗೆ ಬೆನ್ನು ಗೂನು, ಕಣ್ಣು ದೊಡ್ಡದು, ಮೈಮೇಲೆ ಕೆಂಪು ಗೆರೆಗಳ ಜತೆ ಎದ್ದು ಕಾಣುವ ಬಿಳಿ ಗೆರೆ, ಚುಕ್ಕೆ. ಪೆಪರ್‌ಮಿಂಟ್ ಮೈ ತೆಳು ಗಾಜಿನಂತೆ, ಅದರ ಮೇಲೆ ಸಣ್ಣ ಕೆಂಪು ಗೆರೆಗಳು. ಕ್ಯಾಮೆಲ್ ಬಂದರೆ ಐಪ್ಟೇಸಿಯಾ ಹಾಗೇ ಇರುತ್ತದೆ, ಹವಳ ಕಡಿಮೆಯಾಗುತ್ತದೆ.

ಶ್ರಿಂಪ್ ಸರಿಯಾದದ್ದೇ ಆಗಿದ್ದು ಮುಟ್ಟುತ್ತಿಲ್ಲ ಅಂದರೆ ನೀವು ಅದಕ್ಕೆ ಊಟ ಜಾಸ್ತಿ ಹಾಕುತ್ತಿದ್ದೀರಿ. ದಿನಕ್ಕೆ ಎರಡು ಹೊತ್ತು ಬೆಣ್ಣೆ ದೋಸೆ ಸಿಗುವವನು ತಂಗಳು ಮುದ್ದೆ ಯಾಕೆ ಹುಡುಕುತ್ತಾನೆ? ಹತ್ತು ದಿನ ಮೀನಿಗೆ ಲೆಕ್ಕ ಹಾಕಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕೊಡಿ. ಸಣ್ಣ ಐಪ್ಟೇಸಿಯಾ ಮೊದಲು ಮಾಯವಾಗುತ್ತವೆ, ಅದೂ ರಾತ್ರಿ. ದೊಡ್ಡವನ್ನು ಕಂಡರೆ ಶ್ರಿಂಪಿಗೂ ಭಯ. ಅವನ್ನು ನೀವೇ ಸುಣ್ಣ ಹಾಕಿ ಮುಗಿಸಬೇಕು. ನನಗೆ ಕೊನೆಗೆ ಹೊಂದಿದ್ದು ಇದೇ ಜೋಡಿ. ದೊಡ್ಡದಕ್ಕೆ ಸಿರಿಂಜ್, ಚಿಕ್ಕದಕ್ಕೆ ನಾಲ್ಕು ಶ್ರಿಂಪ್. ಶ್ರಿಂಪ್‌ಗಳನ್ನು ಕವರಿನಿಂದ ನೇರ ಟ್ಯಾಂಕಿಗೆ ಸುರಿಯಬೇಡಿ. ಉಪ್ಪಿನಂಶದ ಏರುಪೇರು ಅವಕ್ಕೆ ಆಗಲ್ಲ. ಒಂದು ಗಂಟೆಯಾದರೂ ಹನಿ ಹನಿಯಾಗಿ ಟ್ಯಾಂಕಿನ ನೀರು ಸೇರಿಸಿ.

ಬರ್ಗಿಯಾ ಅನ್ನುವ ಸಣ್ಣ ಸಮುದ್ರ ಗೊಂಡೆಹುಳುವಿಗೆ ಐಪ್ಟೇಸಿಯಾ ಬಿಟ್ಟು ಬೇರೆ ಊಟವೇ ಗೊತ್ತಿಲ್ಲ. ಕೆಲಸದಲ್ಲಿ ಇದನ್ನು ಮೀರಿಸಿದವರಿಲ್ಲ. ಆದರೆ ತಾಳ್ಮೆ ಬೇಕು. ರಾತ್ರಿ ಓಡಾಡುತ್ತದೆ, ಸುರುಳಿ ಸುರುಳಿಯಾಗಿ ಮೊಟ್ಟೆ ಇಡುತ್ತದೆ, ಮರಿಗಳು ದೊಡ್ಡವಾದ ಮೇಲೇ ಪರಿಣಾಮ ಕಾಣುತ್ತದೆ. ತಿಂಗಳುಗಟ್ಟಲೆ ಆಗುತ್ತದೆ. ಸಿಕ್ಸ್‌ಲೈನ್ ರಾಸ್ ತರಹದ ಮೀನಿದ್ದರೆ, ಅಥವಾ ಪೆಪರ್‌ಮಿಂಟ್ ಶ್ರಿಂಪ್ ಇದ್ದರೆ, ಬರ್ಗಿಯಾ ಅವಕ್ಕೆ ತಿಂಡಿಯಾಗಿಬಿಡುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಐಪ್ಟೇಸಿಯಾ ಮುಗಿದ ದಿನ ಬರ್ಗಿಯಾವೂ ಹಸಿವಿನಿಂದ ಸಾಯುತ್ತದೆ, ಹಾಗಾಗಿ ಮುಗಿಯುವ ಹೊತ್ತಿಗೆ ಬೇಕಾದವರಿಗೆ ದಾಟಿಸಿ.

ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನೂ ತಿನ್ನುತ್ತದೆ. ಆದರೆ 20 ಸೆಂಟಿಮೀಟರ್‌ವರೆಗೆ ಬೆಳೆಯುವ, ಪ್ಯಾಕೆಟ್ ಊಟಕ್ಕೆ ಸುಲಭವಾಗಿ ಬಾಯಿ ಹಾಕದ ಮೀನನ್ನು ನಾಲ್ಕು ಅಡಿಯ ಟ್ಯಾಂಕಿಗೆ ಕಳೆ ಕೀಳಲು ತರುವುದು ನನಗೆ ಸರಿ ಕಾಣುವುದಿಲ್ಲ.

ಮಜಾನೋ ಆಗಿದ್ದರೆ

ಮೇಲಿನ ಪ್ರಾಣಿಗಳ ಮೇಲೆ ಭರವಸೆ ಇಟ್ಟುಕೊಳ್ಳಬೇಡಿ. ಶ್ರಿಂಪ್ ಸಾಮಾನ್ಯವಾಗಿ ಮುಟ್ಟಲ್ಲ, ಬರ್ಗಿಯಾ ಅಂತೂ ತಿರುಗಿಯೂ ನೋಡಲ್ಲ. ಸುಣ್ಣವೇ ಗತಿ, ಒಂದೊಂದಕ್ಕೆ ಎರಡು ಮೂರು ಸಲ. ಕಲ್ಲು ಎತ್ತಲು ಬಂದರೆ ಇನ್ನೂ ಒಳ್ಳೆಯದು. ಅದು ಕೂತ ಜಾಗವನ್ನು ಉಳಿಯಿಂದ ಕಲ್ಲಿನ ಚಕ್ಕೆ ಸಮೇತ ಎಬ್ಬಿಸಿ, ಟ್ಯಾಂಕಿನ ಹೊರಗೆ.

ಎಲ್ಲಾ ಮಾಡಿದೆ, ಮತ್ತೆ ಬಂತು

ಎರಡೇ ಕಾರಣ. ಒಂದು, ಸಂಪ್ ಅಥವಾ ಓವರ್‌ಫ್ಲೋದಲ್ಲಿ ಉಳಿದಿದೆ. ಇನ್ನೊಂದು, ಹೊಸದಾಗಿ ತಂದಿದ್ದೀರಿ.

ಊಟದ ವಿಷಯ ಇವೆರಡಕ್ಕೂ ಬೆನ್ನೆಲುಬು. ನನ್ನಲ್ಲಿ ಐಪ್ಟೇಸಿಯಾ ಏಕ್‌ದಂ ಜಾಸ್ತಿಯಾಗಿದ್ದು ಬೇಸಿಗೆಯಲ್ಲಿ. ನಮ್ಮೂರಿನ ಬಿಸಿಲಿಗೆ ಟ್ಯಾಂಕ್ 30 ಡಿಗ್ರಿ ದಾಟಿ ಒಂದೆರಡು ಹವಳ, ಬಸವನಹುಳು ಸತ್ತಿದ್ದವು. ಅವು ಕೊಳೆತು ನೈಟ್ರೇಟ್ 40 ಮುಟ್ಟಿತ್ತು. ಹವಳ ಸೊರಗಿದ ಜಾಗ ಖಾಲಿ, ನೀರಿನ ತುಂಬಾ ಊಟ. ಕಳೆಗೆ ಇನ್ನೇನು ಬೇಕು? ಫ್ಯಾನ್ ಹಾಕಿ 26 ಡಿಗ್ರಿಗೆ ಇಳಿಸಿ, ನೈಟ್ರೇಟ್ 10ರ ಆಸುಪಾಸು ತಂದ ಮೇಲೆ ಹೊಸದು ಹುಟ್ಟುವ ವೇಗ ತಗ್ಗಿತು. ಸತ್ತಿದ್ದು ಸುಣ್ಣದಿಂದಲೇ, ಆದರೆ ವಾಪಸ್ ಬರುವುದು ನಿಂತಿದ್ದು ಇದರಿಂದ. ಬೋರ್‌ವೆಲ್ ನೀರನ್ನು ನೇರ ತುಂಬಿಸುತ್ತಿದ್ದರೆ ಅದನ್ನೂ ನಿಲ್ಲಿಸಿ. ಆವಿಯಾದಷ್ಟು ಆರ್‌ಒ ನೀರನ್ನೇ ಹಾಕಿ.

ಹೊಸ ಹವಳ ತಂದಾಗ ಅದು ಅಂಟಿಕೊಂಡ ಪ್ಲಗ್ಗನ್ನು (ಹವಳದ ತುಂಡನ್ನು ಕೂರಿಸಿ ಮಾರುವ, ಕಡ್ಡಿಯಿರುವ ಪುಟ್ಟ ಬಿಲ್ಲೆ) ತಲೆಕೆಳಗು ಮಾಡಿ ನೋಡಿ. ಐಪ್ಟೇಸಿಯಾ ಮೇಲೆ ಕೂರುವುದಕ್ಕಿಂತ ಪ್ಲಗ್ಗಿನ ಕಡ್ಡಿಯ ಸುತ್ತ, ಅಂಟಿನ ಸಂದಿಯಲ್ಲಿ ಕೂರುವುದು ಜಾಸ್ತಿ. ಹವಳವನ್ನು ಅದ್ದಿ ತೆಗೆಯುವ ಡಿಪ್ ಔಷಧಿಗಳು ಚಪ್ಪಟೆ ಹುಳುಗಳಿಗೆ ಸರಿ, ಇದಕ್ಕೆ ಸಾಲುವುದಿಲ್ಲ. ನಾನು ಪ್ಲಗ್ಗನ್ನೇ ಕತ್ತರಿಸಿ ಎಸೆದು, ಹವಳವನ್ನು ಹೊಸ ಪ್ಲಗ್ಗಿಗೆ ಅಂಟಿಸುತ್ತೇನೆ. ಆಮೇಲೆ ಸಣ್ಣ ಟ್ಯಾಂಕಿನಲ್ಲಿ ಆರು ವಾರ ಬೇರೆ ಇಡುತ್ತೇನೆ. ಮುರುಡೇಶ್ವರಕ್ಕೆ ಹೋದಾಗ ಸಮುದ್ರದಿಂದ ಕಲ್ಲು ತಂದೆ ಅನ್ನುವವರು ಬೇರೆ ಇದ್ದಾರೆ. ಕಲ್ಲು ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಕಲ್ಲಿಗೆ ಅದು ಅಂಟಿದ್ದರೆ ಐಪ್ಟೇಸಿಯಾಕ್ಕಿಂತ ದೊಡ್ಡ ಫಜೀತಿ.

ಈಗ ನಮ್ಮಲ್ಲಿ ಕಲ್ಲಿನ ಮೇಲೆ ಒಂದೂ ಇಲ್ಲ. ತಿಂಗಳಿಗೆ ಒಂದು ರಾತ್ರಿ ಟಾರ್ಚ್ ಹಿಡಿದು ಸಂಪಿನ ಮುಂದೆ ಕೂರುತ್ತೇನೆ. ಹೋದ ತಿಂಗಳು ರಿಟರ್ನ್ ಪಂಪಿನ ಬುಡದಲ್ಲಿ ಅಕ್ಕಿ ಕಾಳಿನಷ್ಟು ಒಂದು ಸಿಕ್ಕಿತು. ಪಂಪ್ ಹೊರಗೆ ತೆಗೆದು, ಬಕೆಟ್ಟಿನಲ್ಲಿ ವಿನೆಗರ್ ನೀರಿಗೆ ರಾತ್ರಿಯಿಡೀ ಮುಳುಗಿಸಿಟ್ಟು, ಬೆಳಿಗ್ಗೆ ತೊಳೆದು ವಾಪಸ್ ಹಾಕಿದೆ. ಬದಲಿ ಪಂಪ್ ಒಂದು ಮನೆಯಲ್ಲಿರಲಿ, ಈ ಕೆಲಸಕ್ಕೆ ಬೇಕಾಗುತ್ತದೆ.